ಡಿಮೈಸ್ ಅಂದರೂ ಸಾವಲ್ಲ, ಡೆಡ್ ಅಂದರೂ ಸಾವಲ್ಲ: ಇಂಗ್ಲಿಷಿನ ಹಳೇ ಪದ, ಹೊಸ ಸ್ಲ್ಯಾಂಗ್ ಬಿಡಿಸಿಕೊಳ್ಳುವ ದಾರಿ

ಹೋದ ಮಳೆಗಾಲದ ಒಂದು ಭಾನುವಾರ, ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಬಿಲ್ಡಿಂಗಿನ ಮೂರನೇ ಮಾಳಿಗೆಯ ಶೆಟ್ರು ಒಂದು ಕಾಗದದ ಕಟ್ಟು ಹಿಡಿದುಕೊಂಡು ಮನೆಗೆ ಬಂದರು. ಕುಂದಾಪುರದ ಕಡೆಯವರು. ಮೂವತ್ತು ವರ್ಷದಿಂದ ಹೋಟೆಲ್ ನಡೆಸುತ್ತಿದ್ದಾರೆ. ಹೋಟೆಲಿನ ಗಾಳಾ, ಅಂದರೆ ಅಂಗಡಿ ಜಾಗ, ಬಾಡಿಗೆಯದು, ಅದರ ಲೀಸ್ ಪತ್ರದ ಜೆರಾಕ್ಸ್ ಅದು. ಎರಡನೇ ಪುಟದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು. 'ಡಿಮೈಸ್ಡ್ ಪ್ರಿಮೈಸಸ್' ಎಂದಿತ್ತು. ಫೋನಿನಲ್ಲಿ ಹಾಕಿ ನೋಡಿದ್ದಾರೆ, ಸಾವು, ಮರಣ ಎಂದು ಬಂದಿದೆ. "ಹ್ವಾಯ್, ಈ ಜಾಗದಲ್ಲಿ ಮೊದಲು ಯಾರಾದ್ರೂ ಸತ್ತಿದ್ರಾ ಮಾರಾಯ್ರೆ? ಕಾಗದದಲ್ಲೇ ಬರೆದಿದ್ದಾರಲ್ಲ!" ಎಂದರು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ ಪಾಪ.

ಅದೇ ವಾರ ಅವರ ಹೆಂಡತಿಗೂ ಇಂಥದ್ದೇ ಗಾಬರಿ. ಮಗಳು ಪುಣೆಯಲ್ಲಿ ಕೆಲಸಕ್ಕಿದ್ದಾಳೆ. ಅಜ್ಜ ಮೊದಲ ಸಲ ಪಾನಿಪುರಿ ತಿನ್ನುವ ವಿಡಿಯೋ ಕಳಿಸಿದರೆ, ಅವಳಿಂದ ಬಂದ ಉತ್ತರ 'ಐಯಾಮ್ ಡೆಡ್'. ಅಮ್ಮ ತಕ್ಷಣ ಫೋನ್ ಮಾಡಿ "ಹುಷಾರಿದ್ದೀಯಾ ಮಗಾ?" ಎಂದು ಕೇಳಿದ್ದಾರೆ. ಅವಳು ಹೇಳಿದ್ದು ಇಷ್ಟೇ, ನಕ್ಕೂ ನಕ್ಕೂ ಸತ್ತೆ ಎಂದು. ಕನ್ನಡದಲ್ಲಿ ನಾವು ದಿನಾ ಹೇಳುವ ಮಾತೇ ಅಲ್ವಾ?

ಒಂದು ಪದ ನೂರಾರು ವರ್ಷ ಹಳೆಯದು, ಇನ್ನೊಂದು ಫೋನಿನೊಳಗೆ ಬೆಳೆದದ್ದು. ಎರಡರಲ್ಲೂ ಎಡವಿದ್ದು ಒಂದೇ ಕಾರಣಕ್ಕೆ. ಪದವನ್ನು ಅದರ ಜಾಗದಿಂದ ಕಿತ್ತು ತಂದು, ಒಂಟಿಯಾಗಿ ನಿಲ್ಲಿಸಿ ಅರ್ಥ ಕೇಳಿದ್ದು. ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಮೇಲ್‌ಗಳ ನಡುವೆ ಇರುವವಳು. ಭಾನುವಾರ ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಅವರು ಸ್ಲ್ಯಾಂಗ್, ಅಂದರೆ ಗೆಳೆಯರ ನಡುವಿನ ಬೀದಿ ಮಾತು, ತರುತ್ತಾರೆ, ಅವರ ಅಪ್ಪ ಅಜ್ಜಂದಿರು ಹಳೇ ಕಾಗದ ಪತ್ರ ತರುತ್ತಾರೆ. ಇಷ್ಟು ವರ್ಷದಲ್ಲಿ ನನಗೆ ಕೈಗೆ ಹತ್ತಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಡೀ ವಾಕ್ಯ ಬರೆದುಕೊಳ್ಳಿ

ಪದ ಕಂಡ ಕೂಡಲೇ ಅದರ ಮೇಲೆ ಬೆರಳೊತ್ತಿ ಅರ್ಥ ನೋಡುವ ಅಭ್ಯಾಸ ಬಿಡಿ. ವಾಕ್ಯ ಪೂರ್ತಿ ಬರೆದುಕೊಳ್ಳಿ, ಆಗುವುದಾದರೆ ಹಿಂದಿನದೊಂದು, ಮುಂದಿನದೊಂದು ಕೂಡ. ಊರಿಂದ ಹೊಸದಾಗಿ ಮುಂಬೈಗೆ ಬಂದ ಹುಡುಗ ಟಪರಿಯಲ್ಲಿ (ರಸ್ತೆ ಬದಿಯ ಚಹಾ ಅಂಗಡಿ) 'ದೋ ಕಟಿಂಗ್' ಎಂದು ಕೇಳಿಸಿಕೊಂಡು ಡಿಕ್ಷನರಿ ತೆಗೆದರೆ ಏನು ಸಿಗುತ್ತದೆ? ಕತ್ತರಿಸುವುದು ಎಂದು. ಆದರೆ ಅಲ್ಲೇ ಒಂದು ನಿಮಿಷ ನಿಂತು, ಅರ್ಧ ಗ್ಲಾಸು ಚಹಾ ಕೈಗೆ ಬರುವುದನ್ನು ನೋಡಿದರೆ ಅರ್ಥ ತಾನಾಗಿ ಗೊತ್ತಾಗುತ್ತದೆ. ವಾಕ್ಯ ಅಂದರೆ ಆ ಟಪರಿ ಇದ್ದ ಹಾಗೆ.

ಶೆಟ್ರ ಕಾಗದದಲ್ಲೂ ಅಷ್ಟೇ. ಗೆರೆ ಎಳೆದ ಜಾಗ ಬಿಟ್ಟು ಮೇಲಿನ ಸಾಲು ಓದಿದೆವು. ಮಾಲೀಕರು ಬಾಡಿಗೆದಾರರಿಗೆ ಇಂಥ ಅಳತೆಯ ಜಾಗವನ್ನು 'ಡಿಮೈಸ್' ಮಾಡುತ್ತಾರೆ ಎಂದಿತ್ತು. ಒಬ್ಬರು ಇನ್ನೊಬ್ಬರಿಗೆ ಮಾಡಿಕೊಡುವಂಥದ್ದು ಎಂದ ಮೇಲೆ ಅದು ಸಾವು ಆಗಲಿಕ್ಕೆ ಸಾಧ್ಯವೇ ಇಲ್ಲ. ಜಾಗವನ್ನು ಲೀಸಿಗೆ ವಹಿಸಿಕೊಡುವುದಕ್ಕೆ ವಕೀಲರ ಇಂಗ್ಲಿಷಿನಲ್ಲಿ ಇಂದಿಗೂ ಡಿಮೈಸ್ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಆಸ್ತಿ ವಹಿಸಿಕೊಡುವುದು ಎಂಬುದೇ ಈ ಪದದ ಹಳೆಯ ಅರ್ಥ. ರಾಜ ಸತ್ತರೆ ಕಿರೀಟ ಮುಂದಿನವರ ಕೈಗೆ ಹೋಗುತ್ತದಲ್ಲ, ಆ ಕೈ ಬದಲಾವಣೆಗೂ ಡಿಮೈಸ್ ಎಂದರು. ಹಾಗೆ ಹೇಳುತ್ತಾ ಹೇಳುತ್ತಾ ಅದು ಸಾವಿಗೇ ಅಂಟಿಕೊಂಡಿತು. ಫೋನು ಕೊಟ್ಟದ್ದು ಆಮೇಲಿನ ಅರ್ಥ, ಕಾಗದ ಹಿಡಿದುಕೊಂಡದ್ದು ಮೊದಲಿನದು.

ಆಮೇಲೆ ಕೇಳಿ: ಯಾರು, ಯಾವಾಗ, ಯಾರಿಗೆ?

ಇದೇ ಎಲ್ಲಕ್ಕಿಂತ ಮುಖ್ಯ. ಪದದ ಅರ್ಥ ಏನು ಎಂದು ಕೇಳುವ ಮೊದಲು, ಇದನ್ನು ಹೇಳಿದವರು ಯಾರು, ಯಾವ ಕಾಲದಲ್ಲಿ ಹೇಳಿದ್ದು, ಯಾರಿಗೆ ಹೇಳಿದ್ದು ಎಂದು ಕೇಳಿಕೊಳ್ಳಿ. ನನಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ.

ಕೆಲವು ವರ್ಷದ ಹಿಂದೆ ಅಮೆರಿಕದ ಕ್ಲೈಂಟ್ ಒಬ್ಬರು ಒಂದು ವಿಷಯದ ಬಗ್ಗೆ 'ಲೆಟ್ಸ್ ಟೇಬಲ್ ದಿಸ್' ಎಂದು ಮೇಲ್ ಬರೆದರು. ಸಂಸತ್ತಿನಲ್ಲಿ ವರದಿ ಟೇಬಲ್ ಮಾಡಿದರು ಎಂದು ಪೇಪರಿನಲ್ಲಿ ಓದಿ ಬೆಳೆದವಳು ನಾನು. ಟೇಬಲ್ ಮಾಡುವುದು ಎಂದರೆ ಚರ್ಚೆಗೆ ಮುಂದಿಡುವುದು. ಮಾರನೇ ದಿನದ ಮೀಟಿಂಗಿಗೆ ಅದನ್ನೇ ಮೊದಲ ವಿಷಯ ಮಾಡಿ, ನಾಲ್ಕು ಜನ ರಾತ್ರಿ ಹನ್ನೊಂದರವರೆಗೆ ಕೂತು ಎಲ್ಲ ಲೆಕ್ಕ ತಯಾರು ಮಾಡಿದೆವು. ಬೆಳಿಗ್ಗೆ ಅವರು ಪರದೆ ನೋಡಿ ಸುಮ್ಮನಾದರು. ಆಮೇಲೆ "ಇದನ್ನು ಸದ್ಯಕ್ಕೆ ಬದಿಗಿಡೋಣ ಎಂದು ಬರೆದಿದ್ದೆನಲ್ಲ" ಎಂದರು. ಬ್ರಿಟಿಷ್ ಇಂಗ್ಲಿಷಿನಲ್ಲಿ ಟೇಬಲ್ ಎಂದರೆ ಚರ್ಚೆಗೆ ತರುವುದು, ಅಮೆರಿಕದವರಲ್ಲಿ ಚರ್ಚೆಯಿಂದ ತೆಗೆದು ಬದಿಗಿಡುವುದು. ಪೂರ್ತಿ ತಿರುಗುಮುರುಗು. ನನ್ನ ಜೊತೆ ಕೂತಿದ್ದ ಹುಡುಗಿಗೆ ಅವತ್ತು ರಾತ್ರಿ ಕರ್ಜತ್ ಲೋಕಲ್ ರೈಲು ತಪ್ಪಿ ಮನೆ ಸೇರುವಾಗ ಎರಡು ಗಂಟೆ. ಅದು ಇನ್ನೂ ಮನಸ್ಸಿನಲ್ಲಿದೆ.

ಇಂಥವು ಇನ್ನೂ ಇವೆ. 'ಪಿಸ್ಡ್' ಎಂದರೆ ಲಂಡನ್ನಿನವರಿಗೆ ಕುಡಿದು ಟೈಟಾಗಿರುವುದು, ನ್ಯೂಯಾರ್ಕಿನವರಿಗೆ ಸಿಟ್ಟು ಬಂದಿರುವುದು (ಎರಡೂ ಕಡೆ ಆಫೀಸಿನಲ್ಲಿ ಬಳಸುವ ಪದ ಅಲ್ಲ). ನಿಮ್ಮ ಕೆಲಸ 'ಕ್ವೈಟ್ ಗುಡ್' ಎಂದು ಅಮೆರಿಕದವರು ಹೇಳಿದರೆ ಖುಷಿಪಡಿ. ಬ್ರಿಟಿಷರು ಹೇಳಿದರೆ ಬಹಳ ಸಲ 'ಪರವಾಗಿಲ್ಲ' ಎಂದಷ್ಟೇ ಅರ್ಥ. 'ಪ್ಯಾಂಟ್ಸ್' ಅಮೆರಿಕದಲ್ಲಿ ಹಾಕಿಕೊಳ್ಳುವ ಪ್ಯಾಂಟು, ಬ್ರಿಟನ್ನಿನಲ್ಲಿ ಒಳಚಡ್ಡಿ, ಅಲ್ಲಿನ ಆಡುಮಾತಿನಲ್ಲಿ 'ಏನೂ ಚೆನ್ನಾಗಿಲ್ಲ' ಎಂದೂ ಆಗುತ್ತದೆ. 'ಚಫ್ಡ್' ಎಂದರೆ ಖುಷಿಯಾಗಿದೆ, 'ಗಟೆಡ್' ಎಂದರೆ ಹೊಟ್ಟೆ ಉರಿಯುವಷ್ಟು ಬೇಜಾರು, 'ನ್ಯಾಕರ್ಡ್' ಎಂದರೆ ಸುಸ್ತಾಗಿ ಬಿದ್ದಿರುವುದು. ಮುದಿ ಕುದುರೆಗಳನ್ನು ಕೊಂಡು ಕಡಿಯುವವರಿಗೆ ಅಲ್ಲಿ ನ್ಯಾಕರ್ ಎನ್ನುತ್ತಿದ್ದರು, ಅಲ್ಲಿಂದ ಬಂದ ಮಾತು. ಗೆಳೆಯರ ನಡುವೆ ಸರಿ, ದೊಡ್ಡವರ ಮುಂದೆ ಬೇಡ.

ಲಂಡನ್ನಿನ ಪ್ರಾಸದ ಸ್ಲ್ಯಾಂಗ್ ಒಂದು ಬೇರೆಯೇ ಜಗತ್ತು. 'ಹ್ಯಾವ್ ಎ ಬುಚರ್ಸ್' ಎಂದರೆ ಒಮ್ಮೆ ನೋಡು ಎಂದು. ಕಟುಕನ ಕೊಕ್ಕೆಗೆ 'ಬುಚರ್ಸ್ ಹುಕ್', ಹುಕ್‌ಗೆ ಲುಕ್ ಪ್ರಾಸ, ಆಮೇಲೆ ಹುಕ್ ಕೂಡ ಬಿದ್ದುಹೋಗಿ ಬರೀ ಕಟುಕ ಉಳಿದ. ಹಾಗೇ 'ಯೂಸ್ ಯುವರ್ ಲೋಫ್' ಎಂದರೆ ತಲೆ ಓಡಿಸು, ಲೋಫ್ ಆಫ್ ಬ್ರೆಡ್‌ಗೆ ಹೆಡ್ ಪ್ರಾಸ. ವಾಕ್ಯದಲ್ಲಿ ಯಾವ ರೀತಿಯಲ್ಲೂ ಕೂಡದ ಒಂದು ಪದ ಸುಮ್ನೆ ಬಂದು ಕೂತಿದೆ ಎನಿಸಿದರೆ, ಬರೆದವರು ಲಂಡನ್ನಿನವರಾಗಿದ್ದರೆ, ಮೊದಲು ಈ ಕಡೆ ಯೋಚಿಸಿ.

ನಮ್ಮ ಇಂಗ್ಲಿಷೂ ಒಂದು ಬಗೆಯದೇ. ಮೀಟಿಂಗ್ 'ಪ್ರಿಪೋನ್' ಮಾಡಿ ಎಂದರೆ ಗೊತ್ತುಮಾಡಿದ ಹೊತ್ತಿಗಿಂತ ಮೊದಲೇ ಇಡಿ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ಹೊರಗಿನವರು ಅರ್ಥವಾಗದೆ ನಿಲ್ಲುತ್ತಾರೆ. 'ಐ ವಿಲ್ ರಿವರ್ಟ್' ಎಂದು ನಾವು ಬರೆಯುವುದು ಉತ್ತರ ಕೊಡುತ್ತೇನೆ ಎಂದು. ಅವರಿಗೆ ಅದು ಹಳೆಯ ಸ್ಥಿತಿಗೆ ಮರಳುವುದು. 'ಪಾಸ್ಡ್ ಔಟ್ ಇನ್ 2015' ಎಂದು ಬಯೋಡಾಟಾದಲ್ಲಿ ಬರೆದರೆ ಡಿಗ್ರಿ ಮುಗಿಸಿದ್ದು ಎಂದು ನಮಗೆ ಗೊತ್ತು. ಹೊರಗಿನವರಿಗೆ ಪ್ರಜ್ಞೆ ತಪ್ಪಿ ಬಿದ್ದಿದ್ದು. ಇವುಗಳನ್ನು ತಪ್ಪು ಎಂದು ನಾನು ಹೇಳುವುದಿಲ್ಲ. ಕೋಟಿಗಟ್ಟಲೆ ಜನ ಅರ್ಥ ಮಾಡಿಕೊಂಡು ಬಳಸುವ ಪದ ತಪ್ಪಾಗುವುದಿಲ್ಲ. ಯಾರಿಗೆ ಬರೆಯುತ್ತಿದ್ದೀರಿ ಎಂದು ನೋಡಿಕೊಂಡರೆ ಸಾಕು.

ಡಿಕ್ಷನರಿಯಲ್ಲಿ ಸಣ್ಣ ಅಕ್ಷರ ಓದಿ

ಇಷ್ಟಾದ ಮೇಲೆ ಡಿಕ್ಷನರಿ ತೆಗೆಯಿರಿ. ನಮ್ಮಲ್ಲಿ ಹೆಚ್ಚಿನವರು ಮೊದಲ ಅರ್ಥ ಓದಿ ಮುಚ್ಚಿಬಿಡುತ್ತೇವೆ. ಇಲ್ಲಿ ಒಂದು ವಿಷಯ ತಿಳಿದಿರಲಿ. ಎಲ್ಲ ಡಿಕ್ಷನರಿಗಳೂ ಅರ್ಥಗಳನ್ನು ಒಂದೇ ಕ್ರಮದಲ್ಲಿ ಇಡುವುದಿಲ್ಲ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಮತ್ತು ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ಹಳೆಯ ಅರ್ಥವನ್ನು ಮೊದಲು ಕೊಟ್ಟು ಆಮೇಲೆ ಹೊಸತಕ್ಕೆ ಬರುತ್ತವೆ. ಕಲಿಯುವವರಿಗೆಂದು ಮಾಡಿದ ಡಿಕ್ಷನರಿಗಳು ಇವತ್ತು ಜಾಸ್ತಿ ಬಳಕೆಯಲ್ಲಿರುವುದನ್ನು ಮೊದಲು ಕೊಡುತ್ತವೆ. ಮಕ್ಕಳ ಹೋಮ್‌ವರ್ಕಿಗೆ ಎರಡನೆಯದು ಸರಿ, ಹಳೇ ಪತ್ರಕ್ಕೆ ಮೊದಲನೆಯದು ಬೇಕು. ಕೈಯಲ್ಲಿರುವುದು ಯಾವ ಜಾತಿಯದು ಎಂದು ಮುನ್ನುಡಿಯ ಒಂದು ಪುಟ ಓದಿದರೆ ತಿಳಿಯುತ್ತದೆ.

ಅರ್ಥದ ಹಿಂದೆ ಓರೆ ಅಕ್ಷರದಲ್ಲಿ ಒಂದು ಗುರುತು ಇರುತ್ತದಲ್ಲ, ಅದನ್ನು ಬಿಡಬೇಡಿ. 'ಆಬ್ಸೊಲೀಟ್' ಎಂಬುದರ ಮೊದಲ ಮೂರಕ್ಷರ ಇದ್ದರೆ ಆ ಪದ ಅಥವಾ ಆ ಅರ್ಥ ಸತ್ತುಹೋಗಿದೆ, ಈಗ ಯಾರೂ ಬಳಸುವುದಿಲ್ಲ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಇಂಥ ಪದದ ಪಕ್ಕ ಸಣ್ಣ ಕಠಾರಿಯಂಥ ಚಿಹ್ನೆ ಹಾಕುತ್ತದೆ. 'ಆರ್ಕೇಯಿಕ್' ಎಂದಿದ್ದರೆ ಪೂರ್ತಿ ಸತ್ತಿಲ್ಲ. ಪೂಜೆಗೆ ಮಾತ್ರ ಹೊರಗೆ ಬರುವ ಬೆಳ್ಳಿ ಪಾತ್ರೆಯ ಹಾಗೆ, ಪ್ರಾರ್ಥನೆಯಲ್ಲಿ, ಕೋರ್ಟಿನಲ್ಲಿ, ಕವಿತೆಯಲ್ಲಿ ಕಾಣಿಸಿಕೊಳ್ಳುತ್ತದೆ. 'ಡಯಲೆಕ್ಟ್' ಎಂದರೆ ಒಂದು ಪ್ರದೇಶದ್ದು. 'ಕಲೋಕ್ವಿಯಲ್' ಮತ್ತು 'ಇನ್‌ಫಾರ್ಮಲ್' ಎಂದರೆ ಮಾತಿನಲ್ಲಿ ಸರಿ, ಅರ್ಜಿಯಲ್ಲಿ ಬೇಡ. 'ಡೇಟೆಡ್' ಎಂದರೆ ಅಜ್ಜನ ಕಾಲದ ಮಾತು, ಅರ್ಥವಾಗುತ್ತದೆ, ಈಗ ಆಡಿದರೆ ವಿಚಿತ್ರ. 'ಅಫೆನ್ಸಿವ್' ಎಂದಿದ್ದರೆ ತಿಳಿದುಕೊಳ್ಳಿ, ಬಾಯಿಗೆ ಮಾತ್ರ ತರಬೇಡಿ.

ಬೆಳ್ಳಿ ಪಾತ್ರೆಗೆ ಒಂದು ಉದಾಹರಣೆ ನಿಮ್ಮ ಮನೆಯ ಕಪಾಟಿನಲ್ಲೇ ಇದೆ. ಪಾಸ್‌ಪೋರ್ಟ್ ತೆಗೆದು ಒಳಗಿನ ಮೊದಲ ಬರಹ ಓದಿ. ಇದನ್ನು ಹಿಡಿದವರನ್ನು 'ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್' ಓಡಾಡಲು ಬಿಡಿ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಕೇಳಿಕೊಂಡಿದೆ. ಲೆಟ್ ಎಂದರೆ ಬಿಡು ಎಂದಲ್ವಾ ನಾವು ಕಲಿತದ್ದು? ಹಾಗಾದರೆ 'ಬಿಡದೆ' ಓಡಾಡಲು ಬಿಡುವುದು ಹೇಗೆ? ಇಲ್ಲಿರುವ ಲೆಟ್ ಬೇರೆಯೇ ಪದ, ಅದರ ಅರ್ಥ ಅಡ್ಡಿ. ಹಳೆಯ ಇಂಗ್ಲಿಷಿನಲ್ಲಿ ಎರಡೂ ಪದ ಬೇರೆ ಬೇರೆಯಾಗಿದ್ದವು. ಉಚ್ಚಾರ ಸವೆದು ಒಂದೇ ಆದವು, ಅಡ್ಡಿಯ ಲೆಟ್ ಮೂಲೆಗೆ ಸರಿಯಿತು. ಪಾಸ್‌ಪೋರ್ಟಿನಲ್ಲಿ ಅದೇ ಮಾತು ಹಿಂದಿಯಲ್ಲೂ ಇದೆ, ಅಲ್ಲಿ 'ಬಿನಾ ರೋಕ್-ಟೋಕ್' ಎಂದು ಅರ್ಥ ಹೇಳಿಯೇ ಬಿಟ್ಟಿದೆ. ಎರಡು ಭಾಷೆಯ ಕಾಗದ ಸಿಕ್ಕಿದರೆ ಯಾವಾಗಲೂ ಪಕ್ಕದ ಭಾಷೆ ನೋಡಿ. ಅದು ಪುಕ್ಕಟೆ ಡಿಕ್ಷನರಿ.

ಅರ್ಥ ಹಿಗ್ಗುತ್ತದೆ, ಕುಗ್ಗುತ್ತದೆ, ತಲೆಕೆಳಗಾಗುತ್ತದೆ

ಮಕ್ಕಳಿಗೆ ಇದನ್ನು ಹೇಳುವಾಗ ನಾನು ಕನ್ನಡದಿಂದಲೇ ಶುರು ಮಾಡುತ್ತೇನೆ. ಮೃಗಾಲಯ ಎಂದರೆ ಎಲ್ಲ ಪ್ರಾಣಿಗಳೂ ಇರುವ ಜಾಗ. ಮೃಗನಯನಿ ಎಂದರೆ ಜಿಂಕೆ ಕಣ್ಣಿನವಳು. ಒಂದೇ ಪದ, ಒಂದು ಕಡೆ ಎಲ್ಲ ಪ್ರಾಣಿ, ಇನ್ನೊಂದು ಕಡೆ ಜಿಂಕೆ ಮಾತ್ರ. ಇಂಗ್ಲಿಷಿನ 'ಡಿಯರ್' ಪದಕ್ಕೂ ಇದೇ ಕಥೆ. ಮೊದಲು ಯಾವ ಪ್ರಾಣಿಗಾದರೂ ಡಿಯರ್ ಎನ್ನುತ್ತಿದ್ದರು, ಆಮೇಲೆ ಜಿಂಕೆಗೆ ಕುಗ್ಗಿತು. ಶೇಕ್ಸ್‌ಪಿಯರ್‌ನ ಒಂದು ನಾಟಕದಲ್ಲಿ ಇಲಿ ಹೆಗ್ಗಣಗಳನ್ನೂ ಸಣ್ಣ ಡಿಯರ್ ಎಂದಿರುವುದನ್ನು ಓದಿದರೆ ಇನ್ನು ಮುಂದೆ ನಿಮಗೆ ಗೊಂದಲವಿಲ್ಲ.

'ಮೀಟ್' ಹಾಗೆಯೇ. ಮುಂಬೈಯ ಹಳೇ ಮಿಠಾಯಿ ಅಂಗಡಿಗಳ ಬೋರ್ಡಿನಲ್ಲಿ 'ಸ್ವೀಟ್‌ಮೀಟ್' ಎಂದು ಬರೆದಿರುತ್ತದೆ. ಶುದ್ಧ ಸಸ್ಯಾಹಾರಿ ಅಂಗಡಿ, ಪೇಡೆ ಜಿಲೇಬಿ ಮಾರುವವರು, ಮೀಟ್ ಎಲ್ಲಿಂದ ಬಂತು ಎಂದು ನನ್ನ ಅತ್ತೆ ಬಹಳ ವರ್ಷ ಅಂಥ ಅಂಗಡಿ ಹತ್ತುತ್ತಿರಲಿಲ್ಲ. ಮೀಟ್ ಎಂದರೆ ಹಿಂದೆ ಯಾವುದೇ ಆಹಾರ. ಮಾಂಸ ಎಂದು ಕುಗ್ಗಿದ್ದು ಆಮೇಲೆ. ಬೋರ್ಡಿನ ಮೇಲೆ ಹಳೆಯ ಅರ್ಥ ಉಳಿದುಕೊಂಡಿದೆ.

ತಲೆಕೆಳಗಾದವು ಇನ್ನೂ ಸ್ವಾರಸ್ಯ. 'ನೈಸ್' ಹುಟ್ಟಿದ್ದು ಏನೂ ತಿಳಿಯದವನು ಎಂಬ ಅರ್ಥದ ಲ್ಯಾಟಿನ್ ಪದದಿಂದ, ಮೊದಲು ಅದು ಪೆದ್ದ ಎಂಬ ಬೈಗುಳ. 'ಸಿಲ್ಲಿ' ಎಂದರೆ ಮೊದಲು ಪುಣ್ಯವಂತ. 'ಗರ್ಲ್' ಎಂದರೆ ಹುಡುಗನೂ ಆಗಬಹುದಿತ್ತು. 'ಟೆರಿಫಿಕ್' ಎಂದರೆ ಹೆದರಿಕೆ ಹುಟ್ಟಿಸುವಂಥದ್ದು, ಈಗ ಅದ್ಭುತ. ನಮ್ಮ ಕರಾವಳಿಯವರು ಮೀನು ಸಾರು ಉಂಡು 'ಭಯಂಕರ ರುಚಿ ಮಾರಾಯ್ರೆ' ಎನ್ನುವುದಿಲ್ಲವೇ? 'ಸಕ್ಕತ್' ಎನ್ನುತ್ತೇವಲ್ಲ, ಅದು ಬಂದದ್ದು ಗಟ್ಟಿ, ಕಠಿಣ ಎಂಬ ಅರ್ಥದ ಉರ್ದು 'ಸಖ್ತ್'ನಿಂದ. ಇದನ್ನು ಹೇಳಿಕೊಟ್ಟ ಮೇಲೆ, ಹುಡುಗರು 'ದ್ಯಾಟ್ ಸಾಂಗ್ ಈಸ್ ಸಿಕ್' ಎಂದರೆ ಹಾಡಿಗೆ ಜ್ವರ ಬಂದಿಲ್ಲ, ಹಾಡು ಸಕ್ಕತ್ತಾಗಿದೆ ಎಂದು ಅಜ್ಜಿಗೂ ತಿಳಿಯುತ್ತದೆ. ಯಾವ ಭಾಷೆಯಲ್ಲೂ ಜನ ಮೆಚ್ಚುಗೆಗೆ ಜೋರಾದ ಪದ ಹುಡುಕುತ್ತಾರೆ, ಹೆದರಿಕೆಯ, ನೋವಿನ ಪದಗಳೇ ಜೋರಾಗಿರುತ್ತವೆ.

ಯಾವುದಕ್ಕೆ ಎಲ್ಲಿ ಹುಡುಕಬೇಕು

ಇವತ್ತಿನ ಸ್ಲ್ಯಾಂಗಿಗೆ ಅರ್ಬನ್ ಡಿಕ್ಷನರಿ ಬೇಗ ಉತ್ತರ ಕೊಡುತ್ತದೆ. 1999ರಲ್ಲಿ ಆರನ್ ಪೆಕಮ್ ಎಂಬವರು ಕಾಲೇಜಿನಲ್ಲಿದ್ದಾಗ ಶುರು ಮಾಡಿದ ತಾಣ. ಯಾರು ಬೇಕಾದರೂ ಬರೆಯಬಹುದು, ಓದುಗರು ಮತ ಹಾಕುತ್ತಾರೆ. ಹಾಗಾಗಿ ಒಂದೇ ಅರ್ಥ ಓದಿ ನಂಬಬೇಡಿ. ನಾಲ್ಕೈದು ಓದಿ, ಬರೆದ ದಿನಾಂಕ ನೋಡಿ, ಎರಡು ಮೂರು ಕಡೆ ಒಂದೇ ಮಾತು ಬಂದರೆ ಮಾತ್ರ ತೆಗೆದುಕೊಳ್ಳಿ. ಕೊಳಕು ಬರಹವೂ ಅಲ್ಲಿ ಬೇಕಾದಷ್ಟಿದೆ, ಸಣ್ಣ ಮಕ್ಕಳ ಕೈಗೆ ಕೊಡಬೇಡಿ. ಗಂಭೀರವಾಗಿ ನೋಡಬೇಕೆಂದರೆ ಜೊನಾಥನ್ ಗ್ರೀನ್ ಅವರ ಸ್ಲ್ಯಾಂಗ್ ನಿಘಂಟು ಇದೆ. 2010ರಲ್ಲಿ ಮೂರು ಸಂಪುಟಗಳಲ್ಲಿ ಬಂತು, ಈಗ ನೆಟ್‌ನಲ್ಲಿ ಸಿಗುತ್ತದೆ. ಯಾವ ವರ್ಷ ಯಾರು ಹೇಗೆ ಬಳಸಿದರು ಎಂಬ ವಾಕ್ಯಗಳ ಸಮೇತ ಕೊಟ್ಟಿದ್ದಾರೆ. ನನಗೆ ಅದರ ಮೇಲೆ ಬಹಳ ಗೌರವ.

ಹಳೇ ಪದಗಳಿಗೆ ಸ್ಯಾಮ್ಯುಯೆಲ್ ಜಾನ್ಸನ್‌ರ 1755ರ ನಿಘಂಟು, ಬೀದಿ ಮಾತಿಗೆ ಫ್ರಾನ್ಸಿಸ್ ಗ್ರೋಸ್‌ರ 1785ರ ನಿಘಂಟು, ಎಲ್ಲಕ್ಕೂ ಆಕ್ಸ್‌ಫರ್ಡಿನ ದೊಡ್ಡದು. ಆ ದೊಡ್ಡದರ ಮೊದಲ ಕಂತು 1884ರಲ್ಲಿ ಬಂತು, ಕೊನೆಯದು ಬಂದದ್ದು 1928ರಲ್ಲಿ. ಸಾವಿರಾರು ಓದುಗರು ಪುಸ್ತಕ ಓದಿ ಚೀಟಿಗಳಲ್ಲಿ ವಾಕ್ಯ ಬರೆದು ಕಳಿಸಿ ಕಟ್ಟಿದ ಪುಸ್ತಕ ಅದು. ಜಾನ್ಸನ್, ಗ್ರೋಸ್ ಇಬ್ಬರದೂ ಇಂಟರ್ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಓದಬಹುದು. ಒಂದು ಎಚ್ಚರಿಕೆ: ಆ ಕಾಲದ ಅಚ್ಚಿನಲ್ಲಿ 'ಎಸ್' ಅಕ್ಷರ ಎಷ್ಟೋ ಕಡೆ ಉದ್ದವಾಗಿ 'ಎಫ್' ಥರ ಕಾಣುತ್ತದೆ. ಹಡಗಿನ 'ಸೇಲ್' ಅನ್ನು 'ಫೇಲ್' ಎಂದು ಓದಿ ಹೊಸ ಪದ ಸಿಕ್ಕಿತೆಂದುಕೊಳ್ಳಬೇಡಿ. ಕಾಗದದ ಪುಸ್ತಕವೇ ಬೇಕೆನ್ನುವವರು ಕಿಂಗ್ಸ್ ಸರ್ಕಲ್ ಅಥವಾ ಫ್ಲೋರಾ ಫೌಂಟನ್ನಿನ ಫುಟ್‌ಪಾತ್ ಅಂಗಡಿ ನೋಡಿ, ಪುಣೆಯವರಿಗೆ ಅಪ್ಪಾ ಬಳವಂತ ಚೌಕ ಇದ್ದೇ ಇದೆ. ಮಳೆಗಾಲದಲ್ಲಿ ಕೊಂಡರೆ ಪುಟದ ನಡುವೆ ಗೆದ್ದಲು, ಬೂಷ್ಟು ನೋಡಿಕೊಳ್ಳಿ.

ನಮ್ಮಂಥ ಪಶ್ಚಿಮ ಕರಾವಳಿಯವರು ಒಮ್ಮೆಯಾದರೂ ತೆರೆಯಬೇಕಾದದ್ದು 'ಹಾಬ್ಸನ್-ಜಾಬ್ಸನ್'. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಮಾಡಿದ ನಿಘಂಟು, 1886ರಲ್ಲಿ ಬಂತು. ಭಾರತದಲ್ಲಿದ್ದ ಬ್ರಿಟಿಷರ ಬಾಯಲ್ಲಿ ಓಡಾಡುತ್ತಿದ್ದ ಪದಗಳೆಲ್ಲ ಅದರಲ್ಲಿವೆ. ಹೆಸರೇ ಒಂದು ಕಥೆ. ಮೊಹರಮ್ಮಿನಲ್ಲಿ 'ಯಾ ಹಸನ್, ಯಾ ಹುಸೇನ್' ಎಂದು ಕೂಗುವುದು ಬ್ರಿಟಿಷ್ ಸಿಪಾಯಿಗಳ ಕಿವಿಗೆ ಹಾಬ್ಸನ್-ಜಾಬ್ಸನ್ ಎಂದು ಕೇಳಿಸಿತು. ಆಳುವವರ ದೃಷ್ಟಿಯಲ್ಲಿ ಬರೆದ ಪುಸ್ತಕ, ಕೆಲವು ಕಡೆ ನಮ್ಮ ಜನರ ಬಗ್ಗೆ ಬರೆದ ರೀತಿ ಓದಿದರೆ ಬೇಸರವಾಗುತ್ತದೆ. ಆದರೂ ಪದಗಳ ದಾರಿ ಹುಡುಕಲು ಅದರಷ್ಟು ಉಪಕಾರಿ ಇನ್ನೊಂದಿಲ್ಲ.

ಮುಂಬೈಯ ಲೋಕಲ್ ನಕ್ಷೆ ಇಟ್ಟುಕೊಂಡು ಇದನ್ನು ಓದಬಹುದು. ಕೆಲಸಗಾರರು ಹಾಕುವ 'ಡಂಗರೀ' ಉಡುಪಿನ ಹೆಸರಿನ ಹಿಂದೆ ನಮ್ಮ ಮುಂಬೈಯ ಡೋಂಗ್ರಿ ಇದೆ, ಅಲ್ಲಿ ಮಾರುತ್ತಿದ್ದ ಒರಟು ಹತ್ತಿ ಬಟ್ಟೆಯಿಂದ ಬಂದದ್ದು. ಕಸಾರಾ ಘಾಟಿ ಹತ್ತಿ ನಾಸಿಕದ ಕಡೆ ಹೋಗುವಾಗ ದೇವಳಾಲಿ ಸ್ಟೇಷನ್ ಬರುತ್ತದೆ. ಭಾರತದಲ್ಲಿ ಸೇವೆ ಮುಗಿಸಿದ ಬ್ರಿಟಿಷ್ ಸಿಪಾಯಿಗಳು ಊರಿಗೆ ಹೋಗುವ ಹಡಗಿಗೆ ಅಲ್ಲಿನ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮಾಡಲು ಕೆಲಸವಿಲ್ಲ, ಸೆಖೆ, ಜ್ವರ. ತಲೆ ಕೆಟ್ಟವರಿಗೆ 'ದೂಲಾಲಿ ಟ್ಯಾಪ್' ಎಂದರು. ಟ್ಯಾಪ್ ಎಂದರೆ ನಮ್ಮ ತಾಪವೇ, ಜ್ವರ. ಇವತ್ತಿಗೂ ಇಂಗ್ಲೆಂಡಿನಲ್ಲಿ ತಲೆ ಸರಿಯಿಲ್ಲ ಎನ್ನಲು 'ದೂಲಾಲಿ' ಎನ್ನುತ್ತಾರೆ. ಅದು ಮಹಾರಾಷ್ಟ್ರದ ಒಂದು ಸ್ಟೇಷನ್ ಎಂದು ಆಡುವವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

'ಟಿಫಿನ್' ನಮ್ಮದೇ ಪದ ಎಂದುಕೊಂಡಿದ್ದೆ. ಡಬ್ಬಾವಾಲಾಗಳ ಊರಲ್ಲಿ ಹಾಗನ್ನಿಸುವುದು ಸಹಜ. ಗ್ರೋಸ್‌ರ 1785ರ ಪುಸ್ತಕ ತೆರೆದರೆ 'ಟಿಫಿಂಗ್' ಎಂದಿದೆ, ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು ಎಂದು. ಲಂಡನ್ನಿನ ಬೀದಿಯ ಸ್ಲ್ಯಾಂಗ್ ಹಡಗು ಹತ್ತಿ ಬಂದು ನಮ್ಮ ಉಪ್ಪಿಟ್ಟಿನ ಡಬ್ಬಿಗೆ ಹೆಸರಾಯಿತು. ಅವರ ಊರಲ್ಲಿ ಮರೆತೇ ಹೋಯಿತು. ಇನ್ನೊಂದು ಕಡೆ ನಮ್ಮ ಅಡಿಕೆಯ ಬಳಗದ ಪದ, ಮಲಯಾಳದ ಅಡಕ್ಕ, ಪೋರ್ಚುಗೀಸರ ಬಾಯಿಗೆ ಬಿದ್ದು 'ಅರೆಕಾ' ಆಗಿ ಇಂಗ್ಲಿಷಿಗೆ ಹೋಯಿತು. ಹಲಸಿನ 'ಜ್ಯಾಕ್' ಹೋದದ್ದೂ ಅದೇ ಹಡಗಿನಲ್ಲಿ, ಚಕ್ಕ ಎಂಬ ಮಲಯಾಳ ಪದದಿಂದ.

ಚಂದದ ಕಥೆ ಕಂಡರೆ ತಡೆಯಿರಿ

ಪದದ ಮೂಲ ಹುಡುಕುವಾಗ ಬಹಳ ಮುದ್ದಾದ ಕಥೆಗಳು ಸಿಗುತ್ತವೆ. ಮುಂಬೈಯವರಿಗೆ ಇಷ್ಟವಾಗುವ ಒಂದು, 'ಪಾಶ್' (ಶ್ರೀಮಂತ ಠೀವಿಯದು) ಎಂಬುದರದು. ಇಂಗ್ಲೆಂಡಿನಿಂದ ಇಲ್ಲಿಗೆ ಬರುವ ಹಡಗಿನಲ್ಲಿ ಬಿಸಿಲು ಕಡಿಮೆ ಬೀಳುವ ಕ್ಯಾಬಿನ್ನು ಶ್ರೀಮಂತರಿಗೆ, ಇಲ್ಲಿಗೆ ಬರುವಾಗ ಎಡಗಡೆ, ಊರಿಗೆ ಮರಳುವಾಗ ಬಲಗಡೆ, 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬ ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಪಾಶ್ ಆಯಿತಂತೆ, ಟಿಕೆಟ್ ಮೇಲೆ ಮುದ್ರೆ ಒತ್ತುತ್ತಿದ್ದರಂತೆ. ಅಂಥ ಮುದ್ರೆಯ ಒಂದೇ ಒಂದು ಟಿಕೆಟ್ ಇದುವರೆಗೆ ಸಿಕ್ಕಿಲ್ಲ. ಶೋಕಿಲಾಲ ಎಂಬ ಅರ್ಥದಲ್ಲಿ ಪಾಶ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಸ್ಲ್ಯಾಂಗ್ ಆಗಿತ್ತು. ಮೂಲ ಖಚಿತವಿಲ್ಲ ಎಂದೇ ಒಳ್ಳೆಯ ನಿಘಂಟುಗಳು ಬರೆಯುತ್ತವೆ. ಹಾಗಾಗಿ ಮೊದಲಕ್ಷರ ಸೇರಿಸಿದ ಕಥೆ ಕಂಡರೆ ಎರಡು ಪಟ್ಟು ಅನುಮಾನಪಡಿ. ಇಪ್ಪತ್ತನೇ ಶತಮಾನಕ್ಕೂ ಮೊದಲು ಹಾಗೆ ಪದ ಕಟ್ಟುವುದು ಬಹಳ ಅಪರೂಪ.

ಹೊಸ ಪದ ಎಂದುಕೊಂಡದ್ದು ಹಳೆಯದಾಗಿರುವುದೂ ಉಂಟು. 2024ರಲ್ಲಿ ಆಕ್ಸ್‌ಫರ್ಡ್ 'ಬ್ರೇನ್ ರಾಟ್' ಅನ್ನು ವರ್ಷದ ಪದ ಎಂದಿತು. ಇಡೀ ದಿನ ಫೋನಿನಲ್ಲಿ ಸತ್ವವಿಲ್ಲದ್ದು ನೋಡಿ ನೋಡಿ ಬುದ್ಧಿ ಮಂಕಾಗುವುದಕ್ಕೆ ಹುಡುಗರು ಹೇಳುವ ಮಾತು. ಅದು 1854ರಲ್ಲೇ ಅಮೆರಿಕದ ಥೋರೋ ಬರಹದಲ್ಲಿ ಇದೆ. 2023ರಲ್ಲಿ ಆಕ್ಸ್‌ಫರ್ಡಿನ ವರ್ಷದ ಪದ 'ರಿಜ್', ಮರುಳು ಮಾಡುವ ಆಕರ್ಷಣೆ, ಅದು 'ಕರಿಸ್ಮಾ'ದ ನಡುವಿನ ತುಂಡು. ಇವನ್ನೆಲ್ಲ ಮೆರಿಯಮ್-ವೆಬ್‌ಸ್ಟರ್ ತಾಣದಲ್ಲಿ ಮೊದಲ ಬಳಕೆಯ ವರ್ಷ ನೋಡಿ ಪರೀಕ್ಷಿಸಬಹುದು.

ಕನ್ನಡದಲ್ಲಿ ಹೇಳಿ ನೋಡಿ, ಬರೆದಿಡಿ

ಅರ್ಥ ಸಿಕ್ಕಿತು ಎನಿಸಿದ ಮೇಲೆ, ಮೊದಲು ಬರೆದುಕೊಂಡ ವಾಕ್ಯವನ್ನು ಪೂರ್ತಿ ಕನ್ನಡದಲ್ಲಿ ಹೇಳಿ. ಪದಕ್ಕೆ ಪದ ಅಲ್ಲ, ನಿಮ್ಮ ಮನೆಯಲ್ಲಿ ಆ ಮಾತನ್ನು ಹೇಗೆ ಆಡುತ್ತೀರೋ ಹಾಗೆ. 'ನೋ ಕ್ಯಾಪ್' ಎಂದರೆ 'ದೇವರಾಣೆ, ಸುಳ್ಳಲ್ಲ'. 'ಸ್ಪಿಲ್ ದ ಟೀ' ಎಂದರೆ 'ಏನು ವಿಷಯ, ಬಿಚ್ಚು'. 'ಸಾಲ್ಟಿ' ಎಂದರೆ ಮುಖ ಊದಿಸಿಕೊಂಡಿರುವುದು. 'ಘೋಸ್ಟಿಂಗ್' ಎಂದರೆ ಇದ್ದಕ್ಕಿದ್ದ ಹಾಗೆ ಮಾತು ಬಿಟ್ಟು, ಫೋನ್ ಎತ್ತದೆ ಮಾಯವಾಗುವುದು. ಕನ್ನಡದ ವಾಕ್ಯ ಸಲೀಸಾಗಿ ಬಂದರೆ ಅರ್ಥ ಸರಿ. ಎಲ್ಲೋ ಸಿಕ್ಕಿಹಾಕಿಕೊಂಡರೆ ಮತ್ತೆ ಮೊದಲನೇ ಹೆಜ್ಜೆಗೆ ಹೋಗಿ.

ಒಂದು ನೂರು ಪುಟದ ನೋಟ್‌ಬುಕ್ ಇಡಿ. ವಾಕ್ಯ, ಹೇಳಿದವರು, ತಾರೀಕು, ಕನ್ನಡದ ಮಾತು. ಇಷ್ಟೇ ಸಾಕು. ಸ್ಲ್ಯಾಂಗಿಗೆ ತಾರೀಕು ತೀರಾ ಮುಖ್ಯ, ಎರಡು ವರ್ಷಕ್ಕೇ ಹಳಸಿಬಿಡುತ್ತದೆ. ಮತ್ತೆ, ಕಲಿತ ಸ್ಲ್ಯಾಂಗನ್ನೆಲ್ಲ ಆಡಲೇಬೇಕೆಂದಿಲ್ಲ. ಅರ್ಥ ಮಾಡಿಕೊಳ್ಳುವುದಕ್ಕೆ ಎಲ್ಲ ಪದವೂ ಬೇಕು, ಆಡುವುದಕ್ಕೆ ಆಯ್ದ ಕೆಲವು ಸಾಕು.

ಕಾನೂನಿನ ಕಾಗದ ಆದರೆ ಇಷ್ಟೆಲ್ಲ ಆದಮೇಲೂ ವಕೀಲರನ್ನು ಕೇಳಿ. 'ಎಕ್ಸಿಕ್ಯೂಟ್' ಎಂದರೆ ಅಲ್ಲಿ ಸಹಿ ಹಾಕಿ ಪತ್ರ ಪೂರ್ತಿ ಮಾಡುವುದು, 'ಇನ್‌ಸ್ಟ್ರುಮೆಂಟ್' ಎಂದರೆ ಪತ್ರವೇ, 'ಮೆಸ್ಯುಯೇಜ್' ಎಂದರೆ ಮನೆ ಮತ್ತು ಅದರ ಸುತ್ತಲಿನ ಜಾಗ. ಮುಂಬೈಯ ಹಳೇ ಆಸ್ತಿ ಪತ್ರಗಳಲ್ಲಿ ಇವು ಸಾಲು ಸಾಲಾಗಿ ಬರುತ್ತವೆ.

ಶೆಟ್ರ ಪತ್ರವನ್ನು ಅವತ್ತು ಕೊನೆಯವರೆಗೆ ಓದಿದೆವು. ಐದನೇ ಪುಟದಲ್ಲಿ, ಅವರು ಗೆರೆ ಎಳೆಯದೇ ಬಿಟ್ಟ ಒಂದು ಸಾಲಿತ್ತು. ಇಂಥ ತಾರೀಕಿಗೆ ಲೀಸ್ 'ಡಿಟರ್ಮಿನ್' ಆಗುತ್ತದೆ ಎಂದು. ಅವತ್ತು ಕೂತು ಹೊಸ ಬಾಡಿಗೆ ನಿರ್ಧರಿಸುತ್ತಾರೆ ಎಂದು ಅವರು ಅಷ್ಟು ದಿನ ತಿಳಿದುಕೊಂಡಿದ್ದರು. ಶಾಲೆಯಲ್ಲಿ ಕಲಿತ ಅರ್ಥ ಅದೇ. ಆದರೆ ಈ ಪದದ ಒಳಗೆ ಗಡಿ, ಕೊನೆ ಎಂಬ ಅರ್ಥದ ಲ್ಯಾಟಿನ್ 'ಟರ್ಮಿನಸ್' ಕೂತಿದೆ, ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ ಇತ್ತಲ್ಲ, ಅದೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಸೆಕ್ಷನ್ನಿನಲ್ಲೂ ಲೀಸ್ ಡಿಟರ್ಮಿನ್ ಆಗುವುದು ಎಂದರೆ ಮುಗಿಯುವುದು. ತಾರೀಕು ನೋಡಿದರೆ ಇನ್ನು ನಾಲ್ಕೇ ತಿಂಗಳು ಬಾಕಿ. ಸೋಮವಾರ ಬೆಳಿಗ್ಗೆ ಹೋಟೆಲಿನ ಗಲ್ಲಾಪೆಟ್ಟಿಗೆ ಭಾವಮೈದನಿಗೆ ಒಪ್ಪಿಸಿ ಅವರು ಕಲ್ಯಾಣದ ವಕೀಲರ ಹತ್ತಿರ ಹೋದರು. ಮೊನ್ನೆ ಹೊಸ ಪತ್ರದ ಕರಡು ತಂದು ತೋರಿಸಿದರು. ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ, ದಪ್ಪ ಅಕ್ಷರದಲ್ಲಿ, 'ಮುಗಿಯುತ್ತದೆ' ಎಂದು ಬರೆದುಕೊಂಡಿದ್ದರು.